ರಾತ್ರಿ ಎರಡು ಗಂಟೆಗೆ ಬೆಲ್ ಒತ್ತಿದರೆ ಯಾರು ಬರ್ತಾರೆ?

ಪ್ರಶ್ನೆ: ನನಗೆ 51 ವರ್ಷ. ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿದ್ದೇನೆ, ಕೆಲಸಕ್ಕೆ ಹೋಗುತ್ತೇನೆ. ಅಣ್ಣ ಅಮೆರಿಕದಲ್ಲಿದ್ದಾನೆ. ಅಮ್ಮನಿಗೆ 78. ಹೈಸ್ಕೂಲ್ ಟೀಚರ್ ಆಗಿ ರಿಟೈರ್ ಆದವರು. ಅಪ್ಪ ಹೋಗಿ ಮೂರು ವರ್ಷ ಆಯಿತು. ಅವತ್ತಿನಿಂದ ಮೈಸೂರಿನ ಕುವೆಂಪುನಗರದ ಸ್ವಂತ ಮನೆಯಲ್ಲಿ ಒಬ್ಬರೇ ಇದ್ದಾರೆ. ಶುಗರ್, ಬಿಪಿ, ಮಂಡಿನೋವು ಇದೆ. ಆರು ತಿಂಗಳಲ್ಲಿ ಎರಡು ಸಲ ಬಿದ್ದರು. ಎರಡನೇ ಸಲ ರಾತ್ರಿ ಬಾತ್‌ರೂಮಿಗೆ ಹೋಗುವಾಗ ಬಿದ್ದವರು ಬೆಳಿಗ್ಗೆ ಆರೂವರೆಗೆ ಕೆಲಸದವರು ಬರುವ ತನಕ ನೆಲದ ಮೇಲೇ ಇದ್ದರು. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. ಈಚೆಗೆ ಹಾಲು ಒಲೆ ಮೇಲಿಟ್ಟು ಮರೆಯುತ್ತಾರೆ. ಬಿಪಿ ಮಾತ್ರೆ ಎರಡೆರಡು ಸಲ ನುಂಗಿದ್ದೂ ಉಂಟು. ಏಜೆನ್ಸಿಯಿಂದ ಹೋಂ ನರ್ಸ್ ಇಟ್ಟೆವು, ನಾಲ್ಕು ತಿಂಗಳಲ್ಲಿ ನಾಲ್ವರು ಬದಲಾದರು. ಅಣ್ಣ "ಒಳ್ಳೇ ಜಾಗ ನೋಡು, ದುಡ್ಡು ಕಳಿಸ್ತೀನಿ, ಬೇಕಾದ್ರೆ ಮನೆ ಮಾರೋಣ" ಅನ್ನುತ್ತಾನೆ. ಚಿಕ್ಕಮ್ಮ "ಇಬ್ಬರು ಮಕ್ಕಳಿದ್ದೂ ಅಕ್ಕನ್ನ ಆಶ್ರಮಕ್ಕೆ ಹಾಕ್ತೀರಾ" ಅಂತ ಅತ್ತರು. ಮೂರು ಜಾಗ ನೋಡಿಟ್ಟಿದ್ದೇನೆ. ಒಂದು, ದೇವನಹಳ್ಳಿ ಕಡೆ ಹಿರಿಯರಿಗಾಗಿಯೇ ಕಟ್ಟಿರುವ ಅಪಾರ್ಟ್‌ಮೆಂಟ್, ಅಲ್ಲಿ ಫ್ಲ್ಯಾಟ್ ಕೊಳ್ಳಬೇಕು. ಇನ್ನೊಂದು ಮೈಸೂರಿನಲ್ಲೇ, ದೊಡ್ಡ ಮನೆಯೊಂದನ್ನು ಮಾರ್ಪಡಿಸಿ ನಡೆಸುತ್ತಿರುವ ಅಸಿಸ್ಟೆಡ್ ಲಿವಿಂಗ್, ಅಂದರೆ ದಿನನಿತ್ಯದ ಕೆಲಸಕ್ಕೆ ನೆರವು ಸಿಗುವ ವಸತಿ, 18 ಜನ ಇದ್ದಾರೆ. ಮೂರನೆಯದು ಟ್ರಸ್ಟ್ ನಡೆಸುವ ವೃದ್ಧಾಶ್ರಮ, ಖರ್ಚು ತೀರಾ ಕಡಿಮೆ. ಯಾವುದನ್ನು ಆರಿಸಲಿ? ನಾವು ಮಾಡುತ್ತಿರುವುದು ತಪ್ಪಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಣ್ಣ ಏನಂದರು, ಚಿಕ್ಕಮ್ಮ ಏನಂದರು, ಎಲ್ಲ ಇದೆ. ಅಮ್ಮ ಏನಂದರು ಅನ್ನುವುದು ಮಾತ್ರ ಎಲ್ಲೂ ಇಲ್ಲ. ತಪ್ಪು ಹುಡುಕುತ್ತಿಲ್ಲ. ಆಸ್ಪತ್ರೆಯ ಹಿರಿಯರ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆಯಾಗಿ 20 ವರ್ಷ ಕಳೆದಿದ್ದೇನೆ. ನನ್ನೆದುರು ಕೂತ ಮನೆಮಂದಿ ಬಹಳಷ್ಟು ಸಲ ಹೀಗೇ ಮಾತು ಶುರು ಮಾಡಿದ್ದಾರೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬಿದ್ದ ಅಮ್ಮ ಬೆಳಗಾಗುವ ತನಕ ತಣ್ಣನೆಯ ನೆಲದ ಮೇಲೇ ಇದ್ದರಲ್ಲ, ನಿಮ್ಮ ನಿದ್ದೆಗೆಡಿಸಿರುವುದು ಅದೇ ಇರಬೇಕು. ಹಾಗಾದರೆ ಹುಡುಕಾಟವೂ ಅಲ್ಲಿಂದಲೇ ಶುರುವಾಗಲಿ. ಯಾವ ಜಾಗಕ್ಕೆ ಹೋದರೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ರಾತ್ರಿ ಎರಡು ಗಂಟೆಗೆ ಬೆಲ್ ಒತ್ತಿದರೆ ಯಾರು ಬರ್ತಾರೆ, ಎಷ್ಟು ಹೊತ್ತಿಗೆ ಬರ್ತಾರೆ? ತೋಟ, ದೇವರಮನೆ, ಯೋಗ ಹಾಲ್ ಎಲ್ಲ ಆಮೇಲೆ.

ಆದರೆ ಜಾಗ ನೋಡುವ ಮುಂಚೆ ಡಾಕ್ಟರ ಹತ್ತಿರ ಹೋಗಿ. "ಅರವತ್ತಕ್ಕೆ ಅರಳುಮರಳು" ಅಂತ ಗಾದೆ ಹೇಳಿ ಸುಮ್ಮನಾಗುವುದು ನಮ್ಮಲ್ಲಿ ಜಾಸ್ತಿ. ವಯಸ್ಸಾದ ಮೇಲೆ ಹೆಸರು ನೆನಪಾಗುವುದು ನಿಧಾನ ಆಗಬಹುದು, ಅದು ಸಹಜ. ನುಂಗಿದ ಮಾತ್ರೆಯನ್ನೇ ಮತ್ತೆ ನುಂಗುವುದು ಬರೀ ವಯಸ್ಸಿನ ಲಕ್ಷಣ ಅಲ್ಲ. ಅದಕ್ಕೊಂದು ಕಾರಣ ಇರುತ್ತದೆ, ಕೆಲವು ಕಾರಣಗಳು ಸರಿಹೋಗುವಂಥವು. ಬಿ12 ಕಡಿಮೆ ಇದ್ದರೆ ಮರೆವು ಬರುತ್ತದೆ, ನಡಿಗೆಯೂ ತೂಗಾಡುತ್ತದೆ. ಮೊಟ್ಟೆ, ಮಾಂಸ ತಿನ್ನದವರಲ್ಲಿ ಇದು ಸಾಮಾನ್ಯ. ಶುಗರ್‌ಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಇನ್ನೂ ಇಳಿದಿರುತ್ತದೆ. ಕೆಲವು ಬಿಪಿ ಮಾತ್ರೆಗಳಿಂದ ಸೋಡಿಯಂ ಇಳಿದು ಗಲಿಬಿಲಿ ಆಗುತ್ತದೆ. ಥೈರಾಯ್ಡ್, ಮೂತ್ರದ ಸೋಂಕು, ಯಜಮಾನರು ಹೋದ ಮೇಲೆ ಕವಿಯುವ ಖಿನ್ನತೆ, ಇವೂ ಮರೆವಿನ ವೇಷದಲ್ಲೇ ಬರುತ್ತವೆ.

ಬೀಳುವುದಕ್ಕೂ ಹೀಗೇ. ಅಮ್ಮ ಮಲಗಿದ್ದಾಗ ಒಮ್ಮೆ ಬಿಪಿ ನೋಡಿ. ಎದ್ದು ನಿಂತ ಮೇಲೆ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಸಂಖ್ಯೆ 20 ಅಥವಾ ಹೆಚ್ಚು ಇಳಿದಿದ್ದರೆ ರಾತ್ರಿ ಎದ್ದಾಗ ಕಣ್ಣು ಕತ್ತಲೆ ಬಂದು ಬಿದ್ದಿರಬಹುದು. ಎರಡೆರಡು ಮಾತ್ರೆ ನುಂಗಿದ ದಿನವಂತೂ ಕೇಳುವುದೇ ಬೇಡ. ಶುಗರ್‌ಗೆ ಗ್ಲಿಮಿಪಿರೈಡ್‌ನಂಥ ಮಾತ್ರೆ ಇದ್ದರೆ ಅದನ್ನೂ ಹೇಳಿ. ರಾತ್ರಿ "ಹಸಿವಿಲ್ಲ" ಅಂತ ಬರೀ ಮಜ್ಜಿಗೆ ಕುಡಿದು ಮಲಗುವ ಅಜ್ಜಿಯರಿಗೆ ಈ ಗುಂಪಿನ ಮಾತ್ರೆಗಳಿಂದ ಮಧ್ಯರಾತ್ರಿ ಶುಗರ್ ಕುಸಿಯಬಹುದು. ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ತುಂಬಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಕಣ್ಣಿನ ಪೊರೆ, ಕಿವಿ, ಜ್ಞಾಪಕಶಕ್ತಿ ಇವೂ ಪರೀಕ್ಷೆ ಆಗಲಿ. ನಿಮ್ಹಾನ್ಸ್‌ನಲ್ಲಿ ವೃದ್ಧರಿಗೇ ಪ್ರತ್ಯೇಕ ಮನೋವೈದ್ಯ ಸೇವೆ ಇದೆ. ದೂರ ಅನ್ನಿಸಿದರೆ ಮೈಸೂರಿನಲ್ಲೇ ನರರೋಗ ತಜ್ಞರಿಗೆ ತೋರಿಸಬಹುದು.

ಈ ಪರೀಕ್ಷೆಗಳು ಯಾಕೆ ಮುಖ್ಯ ಅಂದರೆ, ಕಾರಣ ಬಿ12 ಅಥವಾ ಸೋಡಿಯಂ ಆದರೆ ಅಮ್ಮ ತಮ್ಮ ಮನೆಯಲ್ಲೇ ಇನ್ನೂ ಕೆಲವು ವರ್ಷ ಇರಬಹುದು. ಅಲ್ಜೈಮರ್‌ನಂಥದ್ದು ಆದರೆ ಮುಂದೆ ಅದು ಜಾಸ್ತಿ ಆಗುತ್ತಲೇ ಹೋಗುತ್ತದೆ. ಆಗ ಇವತ್ತಿಗೆ ಸಾಕು ಅನ್ನಿಸುವ ಜಾಗ ಮೂರು ವರ್ಷಕ್ಕೆ ಸಾಲುವುದಿಲ್ಲ. ಕಾರಣವೇ ಗೊತ್ತಿಲ್ಲದೆ ಜಾಗ ಆರಿಸುವುದು ಅಳತೆ ತೆಗೆಯದೆ ಬ್ಲೌಸ್ ಹೊಲಿಸಿದ ಹಾಗೆ.

ಈಗ ಚಿಕ್ಕಮ್ಮನ ಮಾತು. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆ 2007ರಲ್ಲಿ ಕಾಯ್ದೆ ಬಂತು. ಅದರಲ್ಲಿ ಪೋಷಣೆ ಅಂದರೆ ಊಟ, ಬಟ್ಟೆ, ವಸತಿ, ವೈದ್ಯಕೀಯ ಆರೈಕೆ. ಮಕ್ಕಳ ಮನೆಯ ಸೂರಿನಡಿಯೇ ಆಗಬೇಕು ಅಂತ ಅದು ಹೇಳಿಲ್ಲ. ಎಲ್ಲಾದರೂ ಬಿಟ್ಟು ಕೈತೊಳೆದುಕೊಳ್ಳುವುದು ಮಾತ್ರ ಅಪರಾಧ. ಅದಕ್ಕೆ ಮೂರು ತಿಂಗಳ ತನಕ ಜೈಲು, 5,000 ರೂಪಾಯಿ ತನಕ ದಂಡ ಅಥವಾ ಎರಡೂ ಇದೆ. ನೀವು ಮಾಡಲು ಹೊರಟಿರುವುದು ಅದಲ್ಲವಲ್ಲ. "ಆಶ್ರಮಕ್ಕೆ ಹೋದವರು ಬೇಗ ಹೋಗ್ತಾರೆ" ಅನ್ನುವ ಮಾತೂ ನಿಮ್ಮ ಕಿವಿಗೆ ಬೀಳುತ್ತದೆ. ನಮ್ಮಲ್ಲಿ ಎಷ್ಟೋ ಮನೆಗಳು ಸೊಂಟದ ಮೂಳೆ ಮುರಿದು, ಹಾಸಿಗೆ ಹಿಡಿದು, ಇನ್ನೇನೂ ದಾರಿ ಇಲ್ಲ ಅನ್ನಿಸಿದ ಮೇಲಷ್ಟೇ ಈ ಯೋಚನೆ ಮಾಡುತ್ತವೆ. ಆಶ್ರಮ ಸೇರುವಾಗಲೇ ಅವರು ನಿತ್ರಾಣ ಆಗಿರುತ್ತಾರೆ. ಹಾಗಂತ ಜಾಗ ಬದಲಾಯಿಸುವುದು ಸಲೀಸಲ್ಲ. ಮೊದಲ ಒಂದೂವರೆ ತಿಂಗಳು ಅಳು, ಊಟ ಬಿಡುವುದು, ರಾತ್ರಿ ಗಲಿಬಿಲಿ ಎಲ್ಲ ನೋಡಿದ್ದೇನೆ. ಅದಕ್ಕೆ ಸಿದ್ಧರಾಗಿರಿ.

ಅಸಿಸ್ಟೆಡ್ ಲಿವಿಂಗ್ ಅನ್ನುವ ಹೆಸರಿಗೆ ನಮ್ಮಲ್ಲಿ ಎಲ್ಲರೂ ಒಪ್ಪಿದ ಒಂದೇ ಅರ್ಥ ಇಲ್ಲ. ಬೋರ್ಡು ಒಂದೇ, ಒಳಗಿನ ವ್ಯವಸ್ಥೆ ಹತ್ತು ಥರ. ಹಾಗಾಗಿ ಬೋರ್ಡು ಬಿಡಿ, ಕೆಲಸದ ಪಟ್ಟಿ ಹಿಡಿಯಿರಿ. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಟಾಯ್ಲೆಟ್, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. ಈ ಆರರಲ್ಲಿ ಅಮ್ಮನಿಗೆ ಇವತ್ತು ಯಾವುದಕ್ಕೆ ಕೈ ಬೇಕು ಅಂತ ಬರೆದುಕೊಳ್ಳಿ. ನಿಮ್ಮ ಪತ್ರ ನೋಡಿದರೆ ಆರೂ ಬಹುಶಃ ಅವರೇ ಮಾಡಿಕೊಳ್ಳುತ್ತಾರೆ. ಬೇಕಾಗಿರುವುದು ಮಾತ್ರೆಗೆ ಒಬ್ಬರು, ಒಲೆಗೆ ಒಬ್ಬರು, ರಾತ್ರಿಗೆ ಒಬ್ಬರು. ಇದನ್ನು ಇಟ್ಟುಕೊಂಡು ನಿಮ್ಮ ಮೂರು ಜಾಗ ನೋಡೋಣ.

ದೇವನಹಳ್ಳಿಯದನ್ನು ನಾನಾದರೆ ಮೊದಲು ಹೊಡೆದುಹಾಕುತ್ತೇನೆ. ಅದು ಮೊದಲು ರಿಯಲ್ ಎಸ್ಟೇಟ್, ಆಮೇಲೆ ಆರೈಕೆ. ಗಂಡಹೆಂಡತಿ ಇಬ್ಬರೂ ಗಟ್ಟಿಯಾಗಿದ್ದು, ಮನೆಕೆಲಸದ ತಾಪತ್ರಯ ಬೇಡ ಅನ್ನುವವರಿಗೆ ಚೆನ್ನಾಗಿದೆ. ಒಬ್ಬರೇ ಇರುವ, ಮರೆವು ಶುರುವಾಗಿರುವ ಅಮ್ಮನಿಗೆ ಅಲ್ಲಿನ ಫ್ಲ್ಯಾಟ್ ಕುವೆಂಪುನಗರದ ಮನೆಯಷ್ಟೇ ಒಂಟಿ. ಬಾಗಿಲು ಹಾಕಿಕೊಂಡರೆ ಒಳಗೆ ಅವರೊಬ್ಬರೇ. ಮೇಲಾಗಿ ರಾಜರಾಜೇಶ್ವರಿ ನಗರದಿಂದ ಊರು ದಾಟಿ ಹೋಗಬೇಕು. ವಾರದ ದಿನ ಸಂಜೆ ಆಫೀಸು ಮುಗಿಸಿ ಸುಮ್ನೆ ಒಂದು ಸುತ್ತು ಹೋಗಿಬರುವ ಮಾತೇ ಇಲ್ಲ. ಅಂಥ ಜಾಗದಲ್ಲಿ ಮಲಗಿದ ಮೇಲೆ ನೋಡಿಕೊಳ್ಳುತ್ತಾರಾ, ಅದಕ್ಕೆ ಬೇರೆ ಬಿಲ್ಲಾ, ಇಲ್ಲ "ನೀವೇ ಆಯಾ ಇಟ್ಟುಕೊಳ್ಳಿ" ಅನ್ನುತ್ತಾರಾ ಅನ್ನುವುದು ಬ್ರೋಷರ್‌ನಲ್ಲಿ ಸಿಗುವುದು ಕಷ್ಟ.

ಟ್ರಸ್ಟಿನ ಆಶ್ರಮದ ಬಗ್ಗೆ ನನಗೆ ಗೌರವ ಇದೆ. ಆದರೆ ಇಂಥ ಬಹಳಷ್ಟು ಕಡೆ "ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರಿಗೆ ಮಾತ್ರ" ಅನ್ನುವ ನಿಯಮ ಇರುತ್ತದೆ. ಅಮ್ಮ ಇವತ್ತು ಸೇರಬಹುದು. ಎರಡು ವರ್ಷದ ಮೇಲೆ ಡೈಪರ್ ಬಂದರೆ "ಕರಕೊಂಡು ಹೋಗಿ" ಅಂತ ಫೋನ್ ಬರುತ್ತದೆ. ಅದು ಅವರ ತಪ್ಪಲ್ಲ, ಅವರ ಹತ್ತಿರ ಅಷ್ಟು ಕೈಗಳಿಲ್ಲ. ಮೊದಲೇ ಕೇಳಿಕೊಳ್ಳಿ.

ಉಳಿದದ್ದು ಮೈಸೂರಿನ 18 ಜನರ ಮನೆ. ನನ್ನ ಮನಸ್ಸು ಅದರ ಕಡೆ ವಾಲುತ್ತದೆ, ಆದರೆ ಅದನ್ನು ನೀವು ಹೇಗೆ ನೋಡುತ್ತೀರಿ ಅನ್ನುವುದರ ಮೇಲೆ ಇದೆ. ಫೋನ್ ಮಾಡಿ, ಟೈಮ್ ತೆಗೆದುಕೊಂಡು, ಬೆಳಿಗ್ಗೆ 11ಕ್ಕೆ ಹೋದರೆ ಎಲ್ಲ ಜಾಗವೂ ಚೆನ್ನಾಗೇ ಕಾಣುತ್ತದೆ. ಒಮ್ಮೆ ಹಾಗೆ ಹೋಗಿ. ಇನ್ನೊಮ್ಮೆ ಹೇಳದೆ, ಸಂಜೆ ಏಳರ ಮೇಲೆ ಹೋಗಿ. ಮರೆಗುಳಿತನ ಇರುವವರ ಗಲಿಬಿಲಿ ಜಾಸ್ತಿ ಆಗುವುದು ಹೊತ್ತು ಮುಳುಗುವಾಗ. ಹಗಲಿನ ಸಿಬ್ಬಂದಿ ಮನೆಗೆ ಹೋಗಿ ರಾತ್ರಿಯವರು ಬರುವುದೂ ಆಗಲೇ. ಬಾಗಿಲಲ್ಲೇ ನಿಲ್ಲಿಸಿ ಒಳಗೆ ಬಿಡದಿದ್ದರೆ ಅದೂ ಒಂದು ಉತ್ತರ.

ಒಂದು ಸಲ ಹೀಗೆ ಹೋದಾಗ ಕಂಡದ್ದು ಹೇಳುತ್ತೇನೆ. ಜಾಗದ ಹೆಸರು ಬೇಡ. ರೂಮು ಚೊಕ್ಕಟ, ಗೋಡೆಗೆ ಹೊಸ ಬಣ್ಣ, ಪ್ರತಿ ಮಂಚದ ಪಕ್ಕ ಕೆಂಪು ದಾರದ ಕಾಲ್ ಬೆಲ್. ಮ್ಯಾನೇಜರ್ ಹೆಮ್ಮೆಯಿಂದ ತೋರಿಸಿದರು. ನಾನು ಮಂಚದ ಮೇಲೆ ಮಲಗಿ ಕೈ ಚಾಚಿದೆ. ದಾರ ಸಿಗಲಿಲ್ಲ. ಗುಡಿಸಿ ಒರೆಸುವಾಗ ಅಡ್ಡ ಬರುತ್ತದೆ ಅಂತ ಅದನ್ನು ಮೂರು ಸುತ್ತು ಸುತ್ತಿ ಕಿಟಕಿ ಸರಳಿಗೆ ಕಟ್ಟಿದ್ದರು. ಗಂಟಿನ ಮೇಲೆ ಧೂಳು ಕೂತಿತ್ತು. ಅಂದರೆ ಅದನ್ನು ಬಿಚ್ಚದೆ ತುಂಬ ದಿನ ಆಗಿತ್ತು. ನೀರಿನ ಜಗ್ ಕಿಟಕಿಯ ಮೇಲೆ, ಲೋಟ ಅದರ ಮೇಲೆ ಬೋರಲು. ಎದ್ದು ನಡೆಯಲಾಗದವರು ಬಾಯಾರಿದರೆ ಏನು ಮಾಡಬೇಕು? ಆಮೇಲಿಂದ ಯಾವ ಜಾಗ ನೋಡಲು ಹೋದರೂ ಒಮ್ಮೆ ಮಲಗಿ ನೋಡುತ್ತೇನೆ. ನೀವೂ ನಾಚಿಕೆ ಬಿಟ್ಟು ಮಲಗಿ ನೋಡಿ. ಬೆಲ್ ಒತ್ತಿ, ಗಡಿಯಾರ ನೋಡಿ.

ರಾತ್ರಿ ಎಷ್ಟು ಜನ ಎಚ್ಚರ ಇರುತ್ತಾರೆ ಅಂತ ಕೇಳಿ. "ಇರ್ತಾರೆ" ಅನ್ನುವ ಉತ್ತರ ಸಾಲದು. ಎಚ್ಚರ ಇರುವವರು ಬೇರೆ, ಅಲ್ಲೇ ಚಾಪೆ ಹಾಸಿ ಮಲಗುವವರು ಬೇರೆ. 18 ಜನಕ್ಕೆ ರಾತ್ರಿ ಒಬ್ಬರೇ ಆಯಾ ಅಂದರೆ ನನಗೆ ಒಪ್ಪಿಗೆ ಇಲ್ಲ. ಒಬ್ಬರನ್ನು ಎತ್ತಿ ಕೂರಿಸುವಾಗ ಇನ್ನೊಬ್ಬರು ಬಿದ್ದರೆ? ಕನಿಷ್ಠ ಇಬ್ಬರು ಬೇಕು. ಹಾಸಿಗೆ ಹಿಡಿದವರು ಜಾಸ್ತಿ ಇದ್ದರೆ ಮೂವರು. "24 ಗಂಟೆ ಡಾಕ್ಟರ್" ಅಂದರೆ ಎಷ್ಟೋ ಕಡೆ ಫೋನಿಗೆ ಸಿಗುವ ಡಾಕ್ಟರ್ ಅಂತ ಅರ್ಥ. ಅದು ಮೋಸ ಅಲ್ಲ, ಆದರೆ ಗೊತ್ತಿರಬೇಕು. ನರ್ಸ್ ಅಂತ ತೋರಿಸಿದವರು ಯಾವ ಕೋರ್ಸ್ ಮಾಡಿದ್ದಾರೆ ಕೇಳಿ. ಸಮವಸ್ತ್ರ ಹಾಕಿದವರೆಲ್ಲ ನರ್ಸ್ ಅಲ್ಲ. ಇಂಜೆಕ್ಷನ್, ಡ್ರಿಪ್, ಚಿಕಿತ್ಸೆ ಅಲ್ಲೇ ನಡೆಯುತ್ತಿದ್ದರೆ ಕೆಪಿಎಂಇ, ಅಂದರೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಪತ್ರ ಇದೆಯಾ ನೋಡಿ.

ಭಾಷೆಯ ವಿಷಯ ಬಹಳ ಮನೆಯವರ ಲಕ್ಷ್ಯಕ್ಕೇ ಬರುವುದಿಲ್ಲ. ಮರೆಗುಳಿತನದಲ್ಲಿ ಸಾಮಾನ್ಯವಾಗಿ ಆಮೇಲೆ ಕಲಿತ ಭಾಷೆ ಮೊದಲು ಜಾರುತ್ತದೆ, ಹುಟ್ಟು ಭಾಷೆ ಕೊನೆ ತನಕ ಉಳಿಯುತ್ತದೆ. ಅಮ್ಮ ಟೀಚರ್, ಇವತ್ತು ಇಂಗ್ಲಿಷ್, ಹಿಂದಿ ಎರಡೂ ಬರಬಹುದು. ನಾಳೆಗೆ ಕನ್ನಡ ಮಾತ್ರ ಇರಬಹುದು. ಬೆಂಗಳೂರಿನ ಒಂದು ಕಡೆ ಒಬ್ಬ ಅಜ್ಜಿ "ಒಂದಕ್ಕೆ ಹೋಗ್ಬೇಕು, ಒಂದಕ್ಕೆ" ಅಂತ ಹೇಳುತ್ತಲೇ ಇದ್ದರು. ದೂರದ ರಾಜ್ಯದಿಂದ ಬಂದಿದ್ದ ಹುಡುಗಿಗೆ "ಒಂದು" ಅನ್ನುವುದಷ್ಟೇ ಅರ್ಥ ಆಯಿತು. ಓಡಿಹೋಗಿ ಒಂದು ಬಿಸ್ಕತ್ತು ತಂದುಕೊಟ್ಟಳು. ಅಜ್ಜಿ ತಾವೇ ಎದ್ದು ಹೊರಟರು, ಬಿದ್ದರು. ಆ ಹುಡುಗಿ ಒಳ್ಳೆಯವಳು, ಆಮೇಲೆ ಆರು ತಿಂಗಳಲ್ಲಿ ನನಗಿಂತ ಚೆನ್ನಾಗಿ ಅಜ್ಜಿಯರನ್ನು ಗದರಿಸುವಷ್ಟು ಕನ್ನಡ ಕಲಿತಳು. ಆದರೂ ರಾತ್ರಿ ಪಾಳಿಯಲ್ಲಿ ಒಬ್ಬರಾದರೂ ಕನ್ನಡ ಬಲ್ಲವರು ಇದ್ದಾರಾ ಅಂತ ಕೇಳಿ. ನನ್ನ ಲೆಕ್ಕದಲ್ಲಿ ಇದು ಫಿಸಿಯೋಥೆರಪಿ ರೂಮಿಗಿಂತ ದೊಡ್ಡದು.

ಇನ್ನೊಂದು ಚಿಕ್ಕ ಪರೀಕ್ಷೆ. ಯಾರಾದರೂ ಒಬ್ಬ ಹಿರಿಯರನ್ನು ತೋರಿಸಿ, ಆಯಾ ಹತ್ತಿರ "ಇವರಿಗೆ ಕಾಫಿ ಹೇಗೆ ಬೇಕು?" ಅಂತ ಕೇಳಿ. "ಇವರಿಗೆ ಸಕ್ಕರೆ ಇಲ್ಲ, ಆದ್ರೆ ಕದ್ದು ಕೇಳ್ತಾರೆ" ಅಂತ ನಕ್ಕರೆ ಅಲ್ಲಿ ಮನುಷ್ಯರ ಪರಿಚಯ ಇದೆ, ಕೆಲಸದವರು ತಿಂಗಳಿಗೊಮ್ಮೆ ಬದಲಾಗುತ್ತಿಲ್ಲ ಅಂತ ಅರ್ಥ. ಮ್ಯಾನೇಜರ್ ಮುಖ ನೋಡಿದರೆ ಇಲ್ಲ.

ಅಗ್ರಿಮೆಂಟಿನ ವಿಷಯ ಚುಟುಕಾಗಿ ಹೇಳುತ್ತೇನೆ. ಬೆಂಗಳೂರಿನಲ್ಲಿ ನಾನು ಕಂಡಂತೆ ಹಂಚಿಕೊಳ್ಳುವ ರೂಮಿಗೆ ತಿಂಗಳಿಗೆ 30ರಿಂದ 40 ಸಾವಿರಕ್ಕೆ ಶುರುವಾಗಿ, ಒಂಟಿ ರೂಮು, ಜಾಸ್ತಿ ಆರೈಕೆ ಅಂದರೆ ಲಕ್ಷದ ಹತ್ತಿರ ಹೋಗುವುದೂ ಇದೆ. ಮೈಸೂರಿನಲ್ಲಿ ಸ್ವಲ್ಪ ಕಡಿಮೆ. ಹೇಳಿದ ಮೊತ್ತಕ್ಕಿಂತ ಬಿಲ್ಲು ಜಾಸ್ತಿ ಬರುವುದು ಡೈಪರ್, ಔಷಧ, ಲಾಂಡ್ರಿ, ಆಸ್ಪತ್ರೆಗೆ ಜೊತೆಗೆ ಹೋಗುವವರ ಚಾರ್ಜ್ ಇವುಗಳಿಂದ. ವರ್ಷಕ್ಕೆ ಎಷ್ಟು ಏರಿಸುತ್ತಾರೆ, ಅಮ್ಮ ಆಸ್ಪತ್ರೆಯಲ್ಲಿರುವ ದಿನಗಳಿಗೂ ಪೂರ್ತಿ ದುಡ್ಡಾ, ಯಾವ ಸ್ಥಿತಿಗೆ ಬಂದರೆ "ಇಟ್ಟುಕೊಳ್ಳುವುದಿಲ್ಲ" ಅನ್ನುತ್ತಾರೆ, ಬಿಟ್ಟುಹೋದರೆ ಅಥವಾ ತೀರಿಕೊಂಡರೆ ಡೆಪಾಸಿಟ್ ಎಷ್ಟು ದಿನದಲ್ಲಿ ವಾಪಸ್, ಇಷ್ಟು ಬರಹದಲ್ಲಿ ಇರಲಿ. ಹೆಲ್ತ್ ಇನ್ಶೂರೆನ್ಸ್ ಆಸ್ಪತ್ರೆ ಸೇರಿದಾಗಿನ ಖರ್ಚಿಗೆ, ಈ ತಿಂಗಳ ಖರ್ಚಿಗಲ್ಲ. ಅಮ್ಮನ ಪೆನ್ಷನ್‌ಗೆ ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಬೇಕಲ್ಲ, ಅದಕ್ಕೆ ಅವರು ಸಹಾಯ ಮಾಡುತ್ತಾರಾ ಅಂತಲೂ ಕೇಳಿ.

ಮನೆಯಲ್ಲೇ ಇಟ್ಟುಕೊಳ್ಳುವ ದಾರಿ ಪೂರ್ತಿ ಮುಚ್ಚಿಲ್ಲ. ಬಾತ್‌ರೂಮಿಗೆ ಹಿಡಿಕೆ, ಜಾರದ ಮ್ಯಾಟ್, ಮಂಚದಿಂದ ಬಾಗಿಲ ತನಕ ರಾತ್ರಿ ದೀಪ, ಮಾತ್ರೆಗೆ ವಾರದ ಡಬ್ಬಿ, ಕತ್ತಿಗೆ ಹಾಕಿಕೊಳ್ಳುವ ಅಲಾರಂ ಗುಂಡಿ. ಜೊತೆಗೆ ರಾತ್ರಿ ಮಲಗಲು ಒಬ್ಬರು. ಹಗಲು ಅಮ್ಮ ನಿಭಾಯಿಸುತ್ತಾರೆ ಅಂತಾದರೆ ಇಡೀ ದಿನದ ಹೋಂ ನರ್ಸ್‌ಗಿಂತ ಇದು ಅಗ್ಗ, ಎಷ್ಟೋ ಸಲ ಇದೇ ಬಾಳಿಕೆ ಬರುತ್ತದೆ. ಅಪಾಯ ಏನು ಅಂದರೆ ಇಡೀ ವ್ಯವಸ್ಥೆ ಒಬ್ಬ ಹೆಂಗಸಿನ ಮೇಲೆ ನಿಂತಿರುತ್ತದೆ. ಅವರು ಊರಹಬ್ಬಕ್ಕೆ ಹೋದ ರಾತ್ರಿಯೇ ಅಮ್ಮ ಬೀಳುತ್ತಾರೆ. ನಿಮ್ಮ ಮನೆಗೇ ಕರೆತರುವುದು ಇನ್ನೊಂದು ದಾರಿ. ಪ್ರೀತಿ ಅಲ್ಲಿ ಜಾಸ್ತಿ, ಆದರೆ ನೀವು ಆಫೀಸಿಗೆ ಹೋದ ಮೇಲೆ ಗುರುತು ಪರಿಚಯ ಇಲ್ಲದ ಬೆಂಗಳೂರಿನ ಫ್ಲ್ಯಾಟಿನಲ್ಲಿ ಒಂಬತ್ತು ಗಂಟೆ ಟಿವಿ ಮುಂದೆ. ಮೈಸೂರಿನಲ್ಲಾದರೆ ಹಳೇ ಸಹೋದ್ಯೋಗಿಗಳು, ಭಜನೆ ಗುಂಪು, ಪಾಠ ಕೇಳಿದ ಮಕ್ಕಳು ಇದ್ದಾರೆ. ಅವರು ಬಂದುಹೋಗುತ್ತಾರೆ ಅಂದರೆ ಮೈಸೂರೇ ಒಳ್ಳೆಯದು, ಯಾಕೆಂದರೆ ಹೊರಗಿನವರು ಆಗಾಗ ಬರುವ ಮಂಚವನ್ನು ಸಿಬ್ಬಂದಿ ಮರೆಯುವುದಿಲ್ಲ.

ಮನೆ ಮಾರುವ ಮಾತು ಒಂದು ವರ್ಷ ಎತ್ತಬೇಡಿ. ಬೀಗ ಹಾಕಿಡಿ, ಇಲ್ಲ ಬಾಡಿಗೆಗೆ ಕೊಡಿ. ವಾಪಸ್ ಹೋಗಲು ಮನೆ ಇದೆ ಅನ್ನುವ ಧೈರ್ಯದಲ್ಲಿ ಬಹಳ ಜನ ಹೊಸ ಜಾಗಕ್ಕೆ ಒಗ್ಗಿಕೊಳ್ಳುತ್ತಾರೆ, ವಿಚಿತ್ರ ಆದರೂ ನಿಜ. ಕಾಗದಪತ್ರ ಮಾತ್ರ ಈಗಲೇ ಮಾಡಿಸಿ. "ಪವರ್ ಆಫ್ ಅಟಾರ್ನಿ ಬರೆಸಿಕೊಂಡರೆ ಮುಗಿಯಿತು" ಅಂತ ಅಣ್ಣ ಹೇಳಬಹುದು. ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ನಮ್ಮ ಕಾನೂನಿನಲ್ಲಿ ಅದಕ್ಕೆ ಬೆಲೆ ಇರುವುದಿಲ್ಲ. ಬೇಕಾಗುವ ಹೊತ್ತಿಗೇ ಅದು ಕೈಕೊಡುತ್ತದೆ. ಆಮೇಲೆ ಪಾಲಕರನ್ನು ನೇಮಿಸಿ ಅಂತ ಹೈಕೋರ್ಟಿಗೆ ಅಲೆಯಬೇಕಾಗಬಹುದು. ಅಮ್ಮನಿಗೆ ಪೂರ್ತಿ ತಿಳಿವಳಿಕೆ ಇರುವಾಗಲೇ ವಿಲ್, ಬ್ಯಾಂಕ್ ನಾಮಿನಿ, ಚಿಕಿತ್ಸೆ ಎಲ್ಲಿಯ ತನಕ ಬೇಕು ಅನ್ನುವ ಲಿವಿಂಗ್ ವಿಲ್, ಎಲ್ಲ ಅವರ ಇಷ್ಟದಂತೆ ಆಗಲಿ. ಯಾರಿಗಾದರೂ ದಾನಪತ್ರ ಬರೆಯುವುದಿದ್ದರೆ "ನನ್ನನ್ನು ನೋಡಿಕೊಳ್ಳಬೇಕು" ಅನ್ನುವ ಷರತ್ತು ಪತ್ರದಲ್ಲೇ ಇರಲಿ. ಅದು ಮುರಿದರೆ 2007ರ ಕಾಯ್ದೆಯ 23ನೇ ಸೆಕ್ಷನ್ ಅಡಿ ದಾನ ರದ್ದು ಮಾಡಿಸಬಹುದು. ಇಂಥ ವಿಷಯಕ್ಕೆ, ಅಥವಾ ಸೇರಿದ ಜಾಗದಲ್ಲಿ ಏನಾದರೂ ಕಿರುಕುಳ ಅನ್ನಿಸಿದರೆ, ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಬಹುದು.

ಇನ್ನು ಅಮ್ಮ. ಅವರ ಬೆನ್ನ ಹಿಂದೆ ಜಾಗ ಗೊತ್ತು ಮಾಡಿ, "ನಾಲ್ಕು ದಿನ ಟ್ರಿಪ್" ಅಂತ ಸುಳ್ಳು ಹೇಳಿ ಕರೆದೊಯ್ದು ಬಿಟ್ಟುಬಂದವರನ್ನು ನೋಡಿದ್ದೇನೆ. ಆ ಅಮ್ಮಂದಿರು ಮಕ್ಕಳನ್ನು ಕ್ಷಮಿಸಿದರು, ಜಾಗವನ್ನು ಕ್ಷಮಿಸಲಿಲ್ಲ. ಮೈಸೂರಿನ ಆ 18 ಜನರ ಮನೆಯಲ್ಲಿ ಎರಡು ಮೂರು ವಾರ ತಾತ್ಕಾಲಿಕವಾಗಿ ಇರಲು ಬಿಡುತ್ತಾರಾ ಕೇಳಿ. ಬಿಡುತ್ತಾರೆ ಅಂದರೆ, ಅಮ್ಮನಿಗೆ ಅದು ಪರೀಕ್ಷಾರ್ಥ ಅಂತ ನೇರವಾಗಿ ಹೇಳಿ, ಒಟ್ಟಿಗೇ ಹೋಗಿ ನೋಡಿಬನ್ನಿ. ನೋಡಿ ಬಂದ ಸಂಜೆ ಏನೂ ಕೇಳಬೇಡಿ. ಮಾರನೇ ದಿನ ಕಾಫಿ ಹೊತ್ತಿಗೆ ಅವರೇ ಮಾತು ತೆಗೆಯುತ್ತಾರೆ. ಊಟ ಸಪ್ಪೆ ಅನ್ನಬಹುದು, ಪಕ್ಕದ ಮಂಚದವರು ಗೊರಕೆ ಅನ್ನಬಹುದು. ಅವು ಸಣ್ಣ ದೂರುಗಳು, ಹಾಗಂದರೆ ಮನಸ್ಸಿನಲ್ಲೇ ಅಲ್ಲಿದ್ದು ನೋಡುತ್ತಿದ್ದಾರೆ ಅಂತ ಅರ್ಥ. ಏನೂ ಹೇಳದೆ ಎದ್ದು ಒಳಗೆ ಹೋದರೆ ಒತ್ತಾಯ ಮಾಡಬೇಡಿ. ರಾತ್ರಿ ಮಲಗಲು ಒಬ್ಬರನ್ನು ಗೊತ್ತು ಮಾಡಿಕೊಂಡು ಇನ್ನೊಂದೆರಡು ತಿಂಗಳು ತಳ್ಳಬಹುದು.

ಈ ವಾರ ರಕ್ತ ಪರೀಕ್ಷೆ ಮಾಡಿಸಿ, ರಾತ್ರಿ ದೀಪ ಹಾಕಿಸಿ. ಇವೆರಡಕ್ಕೆ ಯಾರ ಒಪ್ಪಿಗೆಯೂ ಬೇಕಾಗಿಲ್ಲ. ರಿಪೋರ್ಟ್ ಬಂದ ಮೇಲೆ ಮತ್ತೆ ಬರೆಯಿರಿ. ಅಮ್ಮ ಏನಂದರು ಅನ್ನುವುದನ್ನೂ ಬರೆಯಿರಿ.